‘ಪೊಲೀಸ್ ಕಾರ್ಯಾಚರಣೆ’ ಎಂಬ ಮಾತು

ಬೀದರ್, ಭಾಲ್ಕಿ, ಔರಾದ್ ಕಡೆಯ ಹಿರಿಯರಿಗೆ ‘ಪೊಲೀಸ್ ಆಕ್ಷನ್’ ಎಂಬುದು ಒಂದು ಕಾಲಗಣನೆಯೇ ಆಗಿತ್ತು. ಪಠ್ಯಗಳಲ್ಲಿಯೂ ಈ ಮಾತು ಪರೀಕ್ಷೆಗೊಳಗಾಗದೆ ಸಾಗಿಬಂದಿದೆ. 1948ರ ಸೆಪ್ಟೆಂಬರ್ 13ರಂದು ಹೈದರಾಬಾದ್ ಸಂಸ್ಥಾನವನ್ನು ಹೊಕ್ಕದ್ದು ಟ್ಯಾಂಕುಗಳನ್ನುಳ್ಳ ಭೂಸೇನೆ. ಗೃಹಖಾತೆ, ಸಂಸ್ಥಾನಗಳ ಖಾತೆ ಎರಡೂ ಆಗ ಸರ್ದಾರ್ ಪಟೇಲರ ಕೈಯಲ್ಲಿದ್ದವು. ನಿಜಾಮರ ದೂರು ವಿಶ್ವಸಂಸ್ಥೆಯ ಭದ್ರತಾ ಸಮಿತಿಯ ಮುಂದಿದ್ದುದರಿಂದ, ಇದು ಮನೆಯೊಳಗಿನ ಶಾಂತಿಪಾಲನೆಯೆಂದು ಹೇಳುವುದಕ್ಕೆ ಆ ಹೆಸರು ಒದಗಿಬಂದಿತು. ಹೆಸರು ಬರಿಯ ನೆಪವೆಂಬ ವಾದವನ್ನು ನಾವು ಒಪ್ಪೆವು. ಅದೇ ವರ್ಷದ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರಟಾದಲ್ಲಿ ರಜಾಕಾರರು ನಡೆಸಿದ ಕೊಲೆಗಳನ್ನು ಬಲ್ಲವರು ಹಾಗೆನ್ನಲಾರರು.

ಆದರೆ ಪೊಲೀಸರ ಹೆಸರನ್ನಿಟ್ಟುಕೊಂಡ ಮೇಲೆ ಅವರ ಹೊಣೆಯೂ ಬೆನ್ನಿಗೆ ಬರುತ್ತದೆ. ಭಾರತ ಸರ್ಕಾರದ ಕೋರಿಕೆಯಂತೆ ಸಂಚರಿಸಿದ ಪಂಡಿತ ಸುಂದರಲಾಲರ ತಂಡವು, ಆಗಲೂ ಅನಂತರವೂ ಸತ್ತವರ ಸಂಖ್ಯೆಯನ್ನು 27,000ದಿಂದ 40,000 ಎಂದು ಅಂದಾಜು ಮಾಡಿತು. ಅವರಲ್ಲಿ ಬಹುಪಾಲು ಮುಸಲ್ಮಾನರು. ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರವೂ ಒಂದು. ಕೆಲವೆಡೆ ಸೈನಿಕರೂ ಸ್ಥಳೀಯ ಪೊಲೀಸರೂ ಲೂಟಿಯಲ್ಲಿ ಪಾಲ್ಗೊಂಡುದನ್ನು ತಂಡವು ಮರೆಮಾಚಲಿಲ್ಲ. ಪಟೇಲರು ಈ ವರದಿಯನ್ನು ಮನ್ನಿಸಲಿಲ್ಲ. ಸರ್ಕಾರವು ದಶಕಗಳ ಕಾಲ ಅದನ್ನು ಪ್ರಕಟಿಸಲೂ ಇಲ್ಲ. ಶಾಂತಿಪಾಲನೆಯೆಂದು ಸಾರಿದ ಖಾತೆಯನ್ನು ಆ ಮಾತಿನಿಂದಲೇ ಅಳೆಯಲು ಇದಕ್ಕಿಂತ ಉತ್ತಮ ಸಾಧನವಿಲ್ಲ.

2023ರ ಮಾರ್ಚಿಯಲ್ಲಿ ಕೇಂದ್ರ ಗೃಹಸಚಿವ ಅಮಿತ್ ಶಾ ಅವರು ಗೋರಟಾದಲ್ಲಿ ಹುತಾತ್ಮರ ಸ್ಮಾರಕವನ್ನು ಉದ್ಘಾಟಿಸಿದರು. ಅದು ಉಚಿತವೇ. ಗೋರಟಾವನ್ನು ಪಾಠ ಹೇಳುವ ಅಧ್ಯಾಪಕರು ಸುಂದರಲಾಲರ ವರದಿಯನ್ನೂ ವಿದ್ಯಾರ್ಥಿಗಳ ಕೈಗೆ ಕೊಡಬೇಕೆಂದು ನಾವು ಕೇಳುತ್ತೇವೆ.