ವಾರಾಂತ್ಯದ ಮೈಸೂರು, ಅರ್ಧ ಟಿಕೆಟ್ಟಿನ ನಾಯಿ

ಭಾನುವಾರದ ಪುರವಣಿಗಳಲ್ಲಿ, ಮೊಬೈಲಿನ ರೀಲ್ಸುಗಳಲ್ಲಿ ಈಚೆಗೆ ಒಂದು ಪ್ರಕಾರ ಹುಲುಸಾಗಿ ಬೆಳೆದಿದೆ: ನಾಯಿಯ ಜೊತೆ ವೀಕೆಂಡ್. ಬೆಂಗಳೂರಿನ ದಂಪತಿ, ಒಂದು ಗೋಲ್ಡನ್ ರಿಟ್ರೀವರ್, ಕಾರಿನ ಹಿಂದಿನ ಸೀಟಿಗೆ ಹಾಸಿದ ಹಳೇ ಬೆಡ್‌ಶೀಟು. ಶನಿವಾರ ಬೆಳಿಗ್ಗೆ ಹೊರಟು ಭಾನುವಾರ ರಾತ್ರಿ ವಾಪಸ್. ಊರು ಬಹುಪಾಲು ಮೈಸೂರು. ಓದಿದವರು ಮೆಚ್ಚುತ್ತಾರೆ. ನಾಯಿಯನ್ನು ಮನೆಯ ಮಗುವೆಂದೇ ಒಪ್ಪಿಕೊಂಡ ಹೊಸ ನಗರಜೀವನದ ಗುರುತು ಇದು ಎಂದು ಷರಾ ಬರೆಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಈ ಯೋಜನೆಗಳಲ್ಲಿ ಎಲ್ಲರ ದಿನಚರಿಯೂ ಇದೆ, ನಾಯಿಯದೊಂದು ಬಿಟ್ಟು.

ರೇಬೀಸ್ ಲಸಿಕೆಯ ಕಾರ್ಡು, ಉಣುಗಿನ ಔಷಧಿ, ಕುತ್ತಿಗೆಪಟ್ಟಿಯ ಮೇಲೆ ಫೋನ್ ನಂಬರು, ಹೊರಡುವ ಮುಂಚೆ ಹೊಟ್ಟೆ ತುಂಬ ಊಟ ಹಾಕದಿರುವುದು, ಇವನ್ನೆಲ್ಲ ಎಲ್ಲರೂ ಬರೆಯುತ್ತಾರೆ, ಸರಿಯಾಗಿಯೇ ಬರೆಯುತ್ತಾರೆ. ನಾಯಿ ಸಾಕಿದವರಿಗೆ ಅದನ್ನು ಮತ್ತೆ ಹೇಳಬೇಕಾಗಿಲ್ಲ. ನನ್ನ ತಕರಾರು ಇರುವುದು ಊರು ಮುಟ್ಟಿದ ಮೇಲಿನ ಭಾಗದಲ್ಲಿ.

ನಾಯಿಗೆ ಜಾಗ ಕೊಡುವ ಹೋಟೆಲುಗಳು ಕೋಣೆಯ ಕೀಲಿ ಕೊಡುವ ಮೊದಲು ಒಂದು ಹಾಳೆಗೆ ಸಹಿ ಹಾಕಿಸಿಕೊಳ್ಳುತ್ತವೆ. ಅಂಥದ್ದೊಂದು ಹಾಳೆ ನನ್ನ ಮುಂದಿದೆ. ಹೋಟೆಲಿನ ಹೆಸರು ಬೇಡ, ಎಲ್ಲ ಕಡೆಯದೂ ಹೆಚ್ಚುಕಡಿಮೆ ಒಂದೇ ಒಕ್ಕಣೆ. ಸ್ವಚ್ಛತೆಗೆಂದು ಬೇರೆ ಶುಲ್ಕ, ಮಂಚ ಹತ್ತಿಸಬಾರದು, ಬೊಗಳಿದರೆ ಹೊಣೆ ನಿಮ್ಮದು, ಹೀಗೆ ಸಾಗುತ್ತದೆ. ಇವುಗಳ ನಡುವೆ ಎರಡು ಷರತ್ತುಗಳಿವೆ. ಕೋಣೆಯಲ್ಲಿ ನಾಯಿಯನ್ನು ಒಂಟಿಯಾಗಿ ಬಿಟ್ಟು ಹೋಗುವಂತಿಲ್ಲ. ಊಟದ ಹಾಲಿಗೂ ಲಾನಿಗೂ ಕರೆತರುವಂತಿಲ್ಲ. ಒಂದೊಂದನ್ನೇ ತೆಗೆದುಕೊಂಡರೆ ಎರಡೂ ನ್ಯಾಯವಾದದ್ದೇ. ಹೊಸ ಜಾಗದಲ್ಲಿ ಒಂಟಿಯಾದ ನಾಯಿ ಬಾಗಿಲು ಕೆರೆಯುತ್ತದೆ, ಊಳಿಡುತ್ತದೆ, ಪಕ್ಕದ ಕೋಣೆಯವರು ರಿಸೆಪ್ಷನ್ನಿಗೆ ಫೋನ್ ಮಾಡುತ್ತಾರೆ. ಊಟದ ಹಾಲಿನಲ್ಲಿ ನಾಯಿಗೆ ಹೆದರುವ ಮಕ್ಕಳು, ಮಡಿವಂತ ಹಿರಿಯರು ಇರುತ್ತಾರೆ. ಆದರೆ ಎರಡನ್ನೂ ಒಟ್ಟಿಗೆ ಓದಿ. ಬಾಡಿಗೆಯಲ್ಲೇ ಸೇರಿರುವ ಬೆಳಗಿನ ತಿಂಡಿಯನ್ನು ಗಂಡ ಹೆಂಡತಿ ಒಟ್ಟಿಗೆ ಕೂತು ತಿನ್ನುವಂತಿಲ್ಲ. ಒಬ್ಬರು ಪೊಂಗಲ್ ಮುಗಿಸುವ ತನಕ ಇನ್ನೊಬ್ಬರು ಮೇಲಿನ ಕೋಣೆಯಲ್ಲಿ ಬೆಲ್ಟು ಹಿಡಿದು ಕೂರಬೇಕು. ತಿಂಡಿಗೆ ಅನ್ವಯಿಸಿದ ಲೆಕ್ಕ ಮಧ್ಯಾಹ್ನದ ಊಟಕ್ಕೂ ರಾತ್ರಿಯ ಊಟಕ್ಕೂ ಅನ್ವಯಿಸುತ್ತದೆ.

ಇಷ್ಟಕ್ಕೇ ಮುಗಿದಿದ್ದರೆ ಸಹಿಸಬಹುದಿತ್ತು. ಹೋಟೆಲು ಒಳಗೆ ಬಿಟ್ಟುಹೋಗಬೇಡಿ ಎನ್ನುತ್ತದೆ, ಊರು ಹೊರಗೆ ಕರೆತರಬೇಡಿ ಎನ್ನುತ್ತದೆ. ಅರಮನೆಯೊಳಗೆ ನಾಯಿಗೆ ಪ್ರವೇಶವಿಲ್ಲ. 1892ರಿಂದ ನಡೆದುಬಂದಿರುವ ಮೃಗಾಲಯಕ್ಕೆ ಕರೆದೊಯ್ಯುವ ಮಾತೇ ಇಲ್ಲ. ಹುಲಿ ಚಿರತೆಗಳ ಎದುರು ಲ್ಯಾಬ್ರಡಾರ್ ಒಯ್ಯುವುದನ್ನು ಯಾರೂ ಬಯಸುವುದೂ ಇಲ್ಲ. ಚಾಮುಂಡಿ ದೇವಸ್ಥಾನ, ಜಗನ್ಮೋಹನ ಅರಮನೆ, ಎಲ್ಲೂ ಇಲ್ಲ. ದೇವರಾಜ ಮಾರುಕಟ್ಟೆಯ ಸಂದಿಗಳಲ್ಲಿ ಮನುಷ್ಯರಿಗೇ ಜಾಗ ಸಾಲದು. ಉಳಿಯುವುದು ಪಾರ್ಕಿಂಗಿನಲ್ಲಿ ನಿಂತ ಕಾರು. ಹೊರಗೆ 30 ಡಿಗ್ರಿ ಬಿಸಿಲಿದ್ದರೆ ಗಾಜು ಏರಿಸಿದ ಕಾರಿನೊಳಗೆ ಅರ್ಧ ಗಂಟೆಯಲ್ಲಿ 45 ದಾಟುತ್ತದೆ. ಗಾಜು ಎರಡು ಬೆರಳಗಲ ಇಳಿಸಿಟ್ಟರೆ ಸಾಕು ಎಂಬುದು ಬರೀ ಸಮಾಧಾನ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ನಾಲಗೆ ಚಾಚಿ ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು. ಪಗ್, ಬುಲ್‌ಡಾಗ್, ಶಿಹ್ ಟ್ಸುಗಳಂಥ ಚಪ್ಪಟೆ ಮೂತಿಯ ತಳಿಗಳಿಗೆ ಅದೂ ಸರಿಯಾಗಿ ಬರುವುದಿಲ್ಲ. ನಗರದ ಫ್ಲ್ಯಾಟುಗಳಲ್ಲಿ ಈ ತಳಿಗಳೂ ಸಾಕಷ್ಟು ಕಾಣುತ್ತವೆ.

ಹಾಗಿದ್ದೂ ಲೇಖನಗಳಲ್ಲಿ ಎಲ್ಲವೂ ಸಲೀಸಾಗಿ ನಡೆದುಹೋಗುತ್ತದೆ. ಹೇಗೆ? ಗಂಟೆ ಹಾಕಿ ಬರೆಯುವ ಶೈಲಿ ಇವರದು. 9.30ಕ್ಕೆ ತಿಂಡಿ, 10.30ಕ್ಕೆ ಜಯಮಾರ್ತಾಂಡ ದ್ವಾರದ ಮುಂದೆ ಅರಮನೆಯನ್ನು ಹಿನ್ನೆಲೆಯಾಗಿಸಿ ನಾಯಿಯ ಫೋಟೊ. ಮುಂದಿನ ವಾಕ್ಯದಲ್ಲಿ ಗಡಿಯಾರ 4.30 ಆಗಿರುತ್ತದೆ, ಕಾರು ಬೆಟ್ಟ ಹತ್ತುತ್ತಿರುತ್ತದೆ. ನಡುವಿನ ಆರು ಗಂಟೆ ಎಲ್ಲಿ ಹೋಯಿತು? ಇಂಥ ಬರಹಗಳಲ್ಲೆಲ್ಲ ನಾನು ಹುಡುಕುವುದು ಅದನ್ನೇ. ಕೆಲವರು ಅದೇ ಲೇಖನದಲ್ಲಿ ದರ್ಬಾರ್ ಹಾಲಿನ ಬಣ್ಣದ ಗಾಜಿನ ಬಗ್ಗೆ ಒಂದು ಪ್ಯಾರಾ ಬರೆದಿರುತ್ತಾರೆ; ಅಂದರೆ ಒಳಗೆ ಹೋಗಿದ್ದಾರೆ. ಹಾಗಾದರೆ ಆ ಹೊತ್ತಿನಲ್ಲಿ ನಾಯಿಯನ್ನು ಯಾರು ಹಿಡಿದುಕೊಂಡಿದ್ದರು? ಗಂಡ ಹೆಂಡತಿ ಸರದಿಯಲ್ಲಿ ನೋಡಿದ್ದರೆ ಅದನ್ನೇ ಬರೆಯಲಿ, ಓದುಗರಿಗೆ ನಿಜವಾಗಿ ಬೇಕಾದ ಮಾಹಿತಿ ಅದು. ಕೋಣೆಯಲ್ಲಿ ಬೀಗ ಹಾಕಿ ಬಂದಿದ್ದರೆ ಸಹಿ ಹಾಕಿದ ಹಾಳೆಗೆ ಬೆಲೆ ಕೊಡಲಿಲ್ಲ ಎಂದಾಯಿತು. ಕಾರಿನಲ್ಲಿ ಬಿಟ್ಟಿದ್ದರೆ ಮಾತಾಡುವ ಹಾಗೇ ಇಲ್ಲ.

ಭಾನುವಾರ ಸಂಜೆಯ ದೀಪಾಲಂಕಾರವನ್ನು ಈ ಯೋಜನೆಗಳು ಶಿಖರದಂತೆ ಇಟ್ಟಿರುತ್ತವೆ. ಏಳು ಗಂಟೆಗೆ ಸುಮಾರು ಒಂದು ಲಕ್ಷ ಬಲ್ಬು ಒಮ್ಮೆಗೇ ಹೊತ್ತಿಕೊಳ್ಳುವುದು ನೋಡತಕ್ಕದ್ದೇ. ನಾಯಿಯ ಎತ್ತರದಿಂದ ಕಾಣುವುದು ಮಾತ್ರ ಕಾಲುಗಳು: ಜಾತ್ರೆಯಂತೆ ನೆರೆದವರ ಚಪ್ಪಲಿ, ಟಾಂಗಾ ಕುದುರೆಯ ಗೊರಸು, ಹುರಿಗಡಲೆ ಗಾಡಿಯ ಚಕ್ರ. ಬಾಲ ಒಳಗೆಳೆದುಕೊಂಡು ಯಜಮಾನನ ಮೊಣಕಾಲಿಗೆ ಒತ್ತಿಕೊಂಡು ನಿಂತ ನಾಯಿಯ ಚಿತ್ರದ ಕೆಳಗೆ ‘ರಾಜವೈಭವ ಸವಿಯುತ್ತಾ’ ಎಂಬ ಧಾಟಿಯ ಅಡಿಬರಹ ಹಾಕುವವರಿಗೆ ನಾಯಿಯ ಮುಖ ಓದಲು ಬರುವುದಿಲ್ಲ ಎಂದೇ ಅರ್ಥ. ದಸರಾ ಹೊತ್ತಿನಲ್ಲಿ ಹೋಗಿ ಎನ್ನುವವರೂ ಇದ್ದಾರೆ. ವಿಜಯದಶಮಿಯ ಕುಶಾಲತೋಪಿನ ಸದ್ದಿಗೆ ಆನೆ, ಕುದುರೆಗಳನ್ನೇ ವಾರಗಟ್ಟಲೆ ಪಳಗಿಸುತ್ತಾರೆ.

ದಾರಿಯ ವಿಷಯ ಬೇಗ ಮುಗಿಸಬಹುದು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ದಶಪಥ ಹೆದ್ದಾರಿ ಮೂರು ಗಂಟೆಯ ಹಾದಿಯನ್ನು ಒಂದೂವರೆ ಗಂಟೆಗೆ ಇಳಿಸಿತು. ನಾಯಿಗೆ ಅನುಕೂಲವಾಯಿತೆಂದು ಬರೆದವರಿದ್ದಾರೆ. ಬೇಲಿ ಹಾಕಿದ ಮುಖ್ಯರಸ್ತೆಯಲ್ಲಿ ನಾಯಿಗೆ ಕಾಲೆತ್ತಲು ಒಂದು ಮರವಿಲ್ಲ. ಬೇಕೆಂದರೆ ಸರ್ವಿಸ್ ರಸ್ತೆಗೆ ಇಳಿಯಬೇಕು. ಇಳಿಯುವುದಾದರೆ ಮದ್ದೂರಿನ ಹತ್ತಿರ ಇಳಿಯಿರಿ, ವಡೆಯ ಕಾರಣಕ್ಕಲ್ಲ. ಆ ತಾಲ್ಲೂಕಿನ ಆತಕೂರಿನಲ್ಲಿ ಹತ್ತನೆಯ ಶತಮಾನದ ನಡುವಿನಲ್ಲಿ ಒಂದು ನಾಯಿಗೆ ಕಲ್ಲು ನಿಲ್ಲಿಸಿದ್ದರು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನಿಗೆ ಗಂಗರ ಬೂತುಗ ಏನು ಬೇಕೆಂದು ಕೇಳಿದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಕಾಳಿ ಕಾಡುಹಂದಿಯೊಡನೆ ಹೋರಾಡಿ ಸತ್ತಿತು, ಹಂದಿಯೂ ಸತ್ತಿತು. ಕಲ್ಲಿನ ಪೂಜೆಗೆ ಭೂಮಿ ಬಿಟ್ಟರು. ಪೂಜೆ ಮಾಡದೆ ಉಣ್ಣುವವನಿಗೆ ಪಾಪವೆಂದೂ ಬರೆಸಿದರು. ಆ ಶಾಸನಶಿಲೆ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ನಾಯಿಯನ್ನು ಗೌರವಿಸುವುದು ನಿನ್ನೆ ಮೊನ್ನೆ ನಗರದವರು ಕಲಿತದ್ದು ಎನ್ನುವವರು ಆ ಶಾಸನದ ಪಾಠವನ್ನೊಮ್ಮೆ ಓದಬೇಕು. ಮಣಲೇರ ಕಾಳಿಯನ್ನು ಕರೆದೊಯ್ದದ್ದು ಅದಕ್ಕೆ ಕೆಲಸವಿದ್ದ ಜಾಗಕ್ಕೆ.

ಈಗ ಬಸ್ಸಿನ ಮಾತು. ಇಲ್ಲಿ ನನಗೆ ಈ ಲೇಖಕರೊಂದಿಗಷ್ಟೇ ಅಲ್ಲ, ಅವರನ್ನು ಮೆಚ್ಚುವ ಅಂಕಣಕಾರರೊಂದಿಗೂ ಜಗಳವಿದೆ. 2024ರ ಮಾರ್ಚಿನಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೊರಟ ಅಜ್ಜಿ ಮೊಮ್ಮಗಳಿಗೆ ಕೆಎಸ್‌ಆರ್‌ಟಿಸಿ ನಿರ್ವಾಹಕರು ಶಕ್ತಿ ಯೋಜನೆಯಡಿ ಶೂನ್ಯ ಟಿಕೆಟ್ ಕೊಟ್ಟರು. ಅವರ ಪಂಜರದಲ್ಲಿದ್ದ ನಾಲ್ಕು ಲವ್‌ಬರ್ಡ್‌ಗಳಿಗೆ ತಲಾ 111ರಂತೆ 444 ರೂಪಾಯಿಯ ಅರ್ಧ ಟಿಕೆಟ್ ಹರಿದರು. ರಾಜ್ಯವೆಲ್ಲ ನಕ್ಕಿತು. ಬರೆಯಬಲ್ಲವರೆಲ್ಲ ಒಂದೊಂದು ವಿಡಂಬನೆ ಬರೆದರು. ಹಕ್ಕಿಯ ಲೆಕ್ಕಕ್ಕೆ ನಗಬಹುದು, ನಾನೂ ನಕ್ಕೆ. ಮಡಿಲಲ್ಲಿ ಕೂರುವ ಪಂಜರಕ್ಕೆ ತಲೆ ಎಣಿಸುವುದು ಅತಿಯಾಯಿತು. ಆದರೆ ನಗುವ ಭರದಲ್ಲಿ ಯಾರೂ ಆ ನಿಯಮವನ್ನು ಪೂರ್ತಿ ಓದಲಿಲ್ಲ. 2022ರ ನವೆಂಬರಿನಲ್ಲಿ ನಿಗಮ ಲಗೇಜು ನಿಯಮ ತಿದ್ದಿದಾಗ, ಅಲ್ಲಿಯವರೆಗೆ ಪೂರ್ತಿ ಟಿಕೆಟ್ ತೆಗೆಯಬೇಕಿದ್ದ ಸಾಕುನಾಯಿಗೆ ಅರ್ಧ ಟಿಕೆಟ್ ಮಾಡಿತು. ಹವಾನಿಯಂತ್ರಿತ, ಐಷಾರಾಮಿ ಬಸ್ಸಿನಲ್ಲಿ ನಾಯಿಗೆ ಅವಕಾಶವಿಲ್ಲ, ಸಾದಾ ಬಸ್ಸಿನಲ್ಲಿ ಇದೆ. ಕಾರಿಲ್ಲದವನೂ ತನ್ನ ನಾಯಿಯನ್ನು ಊರಿಂದೂರಿಗೆ ಒಯ್ಯಲು ಈ ನಾಡಿನಲ್ಲಿ ಲಿಖಿತವಾಗಿ ದಾರಿ ಮಾಡಿಕೊಟ್ಟ ಕೆಲವೇ ದಾಖಲೆಗಳಲ್ಲಿ ಇದೊಂದು. ಹತ್ತು ವರ್ಷದ ಮಗುವಿಗೆ ಹರಿಯುವ ಟಿಕೆಟ್ಟನ್ನೇ ನಾಯಿಗೂ ಹರಿದು, ಇದು ಕೂಡ ಪ್ರಯಾಣಿಕ ಎಂದು ಒಪ್ಪಿಕೊಂಡದ್ದು ಖಾಕಿ ಅಂಗಿಯ ನಿರ್ವಾಹಕ. ನಾಯಿಯನ್ನು ಮಗು ಮಗು ಎಂದು ಮುದ್ದಿಸುವ ಲೇಖಕರಿಗೆ ಇದು ಕಾಣಲೇ ಇಲ್ಲ, ಅವರ ಲೇಖನಗಳಲ್ಲಿ ಬಸ್ಸೇ ಬರುವುದಿಲ್ಲ. ಕಾರು ಇರುವವನ ನಾಯಿಗೆ ಮಾತ್ರ ವಾರಾಂತ್ಯವುಂಟು ಎಂಬುದು ಈ ಪ್ರಕಾರದ ಹೇಳದೆ ಉಳಿದ ನಂಬಿಕೆ.

ರೈಲನ್ನು ಅವರು ಒಂದು ಸಾಲಿನಲ್ಲಿ ಮುಗಿಸುತ್ತಾರೆ, ಅದೂ ತಪ್ಪಾಗಿ. ನಾಯಿ ನಮ್ಮ ಜೊತೆ ಕೂರಬೇಕಾದರೆ ಫಸ್ಟ್ ಕ್ಲಾಸಿನಲ್ಲಿ ಎರಡು ಬರ್ತಿನ ಕೂಪೆಯನ್ನೋ ನಾಲ್ಕು ಬರ್ತಿನ ಕ್ಯಾಬಿನನ್ನೋ ಇಡಿಯಾಗಿ ಹಿಡಿಯಬೇಕು. ಇಲ್ಲವಾದರೆ ಗಾರ್ಡ್ ಬೋಗಿಯ ನಾಯಿಪೆಟ್ಟಿಗೆ. ಬೆಂಗಳೂರು–ಮೈಸೂರು ನಡುವೆ ಹಗಲು ಓಡುವ ಶತಾಬ್ದಿ, ವಂದೇ ಭಾರತ್‌ಗಳಲ್ಲಿ ಇರುವುದು ಚೇರ್ ಕಾರ್. ಅಲ್ಲಿ ನಾಯಿಗೆ ಜಾಗವಿಲ್ಲ.

ಇದೆಲ್ಲ ಹೇಳಿದಾಗ ಎದುರಾಗುವ ಉತ್ತರ ಒಂದೇ: ‘777 ಚಾರ್ಲಿ’ ನೋಡಿಲ್ಲವೇ? ನೋಡಿದ್ದೇನೆ. 2022ರ ಜೂನ್‌ನಲ್ಲಿ ಬಂದ ಕಿರಣ್‌ರಾಜ್ ಅವರ ಚಿತ್ರ ಆಗಿನ ಮುಖ್ಯಮಂತ್ರಿಗಳನ್ನೂ ಅಳಿಸಿತು, ಮುಂದಿನ ವರ್ಷ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ಅದು ಅತಿಭಾವುಕ ಎಂದವರ ಜೊತೆ ನನಗೆ ಅರ್ಧ ಸಹಮತವಿದೆ, ದ್ವಿತೀಯಾರ್ಧ ಇಪ್ಪತ್ತು ನಿಮಿಷ ಉದ್ದವಾಯಿತು. ಆದರೆ ಈ ಚಿತ್ರವನ್ನು ವೀಕೆಂಡ್ ಪ್ರವಾಸಕ್ಕೆ ಸಾಕ್ಷಿಯಾಗಿ ಎಳೆದು ತರುವವರು ಅದರ ಕಥೆಯನ್ನೇ ಮರೆತಿದ್ದಾರೆ. ನಾಯಕ ಧರ್ಮ ಬೈಕಿಗೆ ಸೈಡ್‌ಕಾರ್ ಕಟ್ಟಿಕೊಂಡು ಹಿಮದತ್ತ ಹೊರಡುವುದು ಚಾರ್ಲಿಗೆ ಹಿಮದ ಆಸೆ ಇದೆ ಎಂದು. ತಾನು ನೋಡಬೇಕಾದ ಅರಮನೆ ಯಾವುದೂ ಅವನ ಪಟ್ಟಿಯಲ್ಲಿಲ್ಲ. ದಾರಿಯನ್ನೂ ದಿನವನ್ನೂ ಗೊತ್ತುಪಡಿಸುವುದು ನಾಯಿಯ ಆರೋಗ್ಯ. ಸ್ವರ್ಗದ ಬಾಗಿಲಲ್ಲಿ ನಾಯಿಗೆ ಪ್ರವೇಶವಿಲ್ಲ ಎಂದಾಗ ತಾನೂ ಒಳಗೆ ಬರುವುದಿಲ್ಲ ಎಂದ ಧರ್ಮರಾಯನ ಹೆಸರನ್ನು ನಾಯಕನಿಗೆ ಇಟ್ಟದ್ದು ಸುಮ್ಮನೆ ಅಲ್ಲ. ನಮ್ಮ ವೀಕೆಂಡ್ ಲೇಖಕರು ಆ ಬಾಗಿಲಲ್ಲಿ ನಿಂತು ಏನು ಮಾಡುತ್ತಾರೆ? ಫೋಟೊ ತೆಗೆದು, ನಾಯಿಯನ್ನು ಡ್ರೈವರ್ ಕೈಗೆ ಕೊಟ್ಟು ಒಳಗೆ ಹೋಗುತ್ತಾರೆ.

ನಾಯಿಯನ್ನು ಬೋರ್ಡಿಂಗ್ ಕೆನೆಲ್ಲಿನಲ್ಲಿ ಬಿಟ್ಟು ಹೋಗುವುದು ಇದಕ್ಕಿಂತ ಒಳ್ಳೆಯದೇ ಎಂದು ಕೇಳಬಹುದು. ಯಾವಾಗಲೂ ಅಲ್ಲ. ಅಲ್ಲಿ ಅನ್ನ ಬಿಟ್ಟು ಕೂರುವ ನಾಯಿಗಳಿವೆ, ಮನೆಗೆ ಉಣುಗು ಹತ್ತಿಸಿಕೊಂಡು ಬರುವ ನಾಯಿಗಳೂ ಇವೆ. ಊರೂರು ಸುತ್ತಿ ಪಳಗಿದ, ಜನರ ನಡುವೆ ನಿರಾಳವಾಗಿ ಮಲಗಬಲ್ಲ ನಾಯಿಗಳೂ ಉಂಟು. ಅವುಗಳಿಗೆ ಈ ಮಾತು ಅನ್ವಯಿಸದು. ತಪ್ಪೆಲ್ಲ ಲೇಖಕರದೂ ಅಲ್ಲ, ನಮ್ಮ ಊರುಗಳೂ ಹಾಗಿವೆ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲೇ 2022ರಲ್ಲಿ ಸಾಕುನಾಯಿಗಳನ್ನು ನಿಷೇಧಿಸಲು ಹೊರಟು, ವಿರೋಧ ಬಂದ ಮೇಲೆ ಕೈಬಿಟ್ಟರು. ವಯಸ್ಸಿಗೆ ಬಂದ ನಾಯಿ ದಿನದ ಅರ್ಧ ಭಾಗ ನಿದ್ದೆಯಲ್ಲಿ ಕಳೆಯುತ್ತದೆ. ಅದಕ್ಕೆ ಬೇಕಾದ್ದು ಪರಿಚಿತ ವಾಸನೆಯ ಒಂದು ಮೂಲೆ, ಬೆಳಿಗ್ಗೆ ಸಂಜೆ ನೆಲ ಮೂಸಿಕೊಂಡು ಒಂದು ಸುತ್ತು. ಮೈಸೂರಿಗಿಂತ ಅದರ ಹೊರವಲಯದಲ್ಲಿ ಅಂಗಳವಿರುವ ನೆಂಟರ ಮನೆ ಈ ಕೆಲಸಕ್ಕೆ ಮೇಲು.

ನಗರಕ್ಕೆ ನಾಯಿಯೊಂದಿಗೆ ವಾರಾಂತ್ಯದ ಪ್ರವಾಸ ಎಂಬ ಈ ಪ್ರಕಾರ ಸದ್ಯಕ್ಕೆ ಹೋಟೆಲುಗಳ ಜಾಹೀರಾತಿಗಿಂತ ಮೇಲೇರಿಲ್ಲ. ಮುಂದೆ ಬರೆಯುವವರಲ್ಲಿ ನನ್ನ ಕೋರಿಕೆ ಇಷ್ಟೇ: ಯಾವ ಹೋಟೆಲು, ಯಾವ ಕೆಫೆ ಎಂಬುದನ್ನು ಆಮೇಲೆ ಬರೆಯಿರಿ. ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ನಾಯಿ ಎಲ್ಲಿತ್ತು, ಯಾರ ಜೊತೆಗಿತ್ತು ಎಂಬುದನ್ನು ಮೊದಲ ಪ್ಯಾರಾದಲ್ಲೇ ತಿಳಿಸಿ.