ಚಿತ್ರಸಂತೆಯ ಆಚೆಗೆ

ಜನವರಿಯ ಚಿತ್ರಸಂತೆಗೆ ನೀವು ಕುಟುಂಬಸಮೇತ ಹೋಗಿರಬಹುದು. ಆ ಭಾನುವಾರ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಕಾಲಿಡಲೂ ಸ್ಥಳವಿರುವುದಿಲ್ಲ. ಅದೇ ಋತುವಿನಲ್ಲಿ ಅಲ್ಲಿಯೇ ಚಿತ್ರಕಲಾ ಪರಿಷತ್ತಿನೊಳಗೆ ನಡೆಯುವ ಪ್ರದರ್ಶನಗಳನ್ನು ನೋಡುವವರೆಷ್ಟು ಮಂದಿ? ದೋಷ ಪ್ರೇಕ್ಷಕರದಷ್ಟೇ ಅಲ್ಲ. ಚಿತ್ರಗಳನ್ನು ಒತ್ತೊತ್ತಾಗಿ ತೂಗುಹಾಕಿ, ಹೆಸರು, ಅಳತೆ, ಬೆಲೆಯ ಹೊರತು ಏನನ್ನೂ ತಿಳಿಸದ ಪ್ರದರ್ಶನವು ನೋಡುಗನನ್ನು ಗಿರಾಕಿಯೆಂದೇ ಎಣಿಸುತ್ತದೆ. ಕೆ. ವೆಂಕಟಪ್ಪನವರ (1886–1965) ಊಟಿಯ ಜಲವರ್ಣಗಳನ್ನು ನೆನೆಯಿರಿ. ಮಂಜು ಕವಿದ ಆ ದೃಶ್ಯಗಳು ಅವಸರದ ಕಣ್ಣಿಗೆ ಒಲಿಯುವಂಥವಲ್ಲ. ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರನ್ನು ಹೊತ್ತಿರುವ ಸರ್ಕಾರಿ ಗ್ಯಾಲರಿಯನ್ನು ಖಾಸಗಿ ಪ್ರತಿಷ್ಠಾನಕ್ಕೆ ವಹಿಸುವ ಯೋಜನೆಯನ್ನು 2016ರಲ್ಲಿ ಕಲಾವಿದರು ಪ್ರತಿಭಟಿಸಿದ್ದು ಸುಮ್ಮನೆಯಲ್ಲ. ಅಲ್ಪ ಬಾಡಿಗೆಗೆ ಗೋಡೆ ದೊರೆಯುವ ಅಂಥ ತಾಣ ಕೈತಪ್ಪಿದರೆ, ಮೊದಲ ಪ್ರದರ್ಶನಕ್ಕೆ ಹೊರಟ ಬಡ ಯುವಕಲಾವಿದ ಎಲ್ಲಿಗೆ ಹೋದಾನು?