ಚಕ್ಕಡಿಯ ಹಿಂದೆ ಕುಳಿತ ಮಗು: ಸಮರ್ಥರ ಕ್ರಿಸ್ತಶಾಸ್ತ್ರಕ್ಕೊಂದು ಪ್ರಶ್ನೆ

ಕಾರ್ಕಳದಲ್ಲಿ ಹುಟ್ಟಿ, ಮಂಗಳೂರಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಪ್ರಾಂಶುಪಾಲರಾಗಿದ್ದು, 1971ರಲ್ಲಿ ಜಾಗತಿಕ ಸಭೆಗಳ ಒಕ್ಕೂಟದ ಸಂವಾದ ವಿಭಾಗಕ್ಕೆ ಮೊದಲ ನಿರ್ದೇಶಕರಾದ ಡಾ. ಸ್ಟ್ಯಾನ್ಲಿ ಜೆ. ಸಮರ್ಥರು (1920–2001) ತಮ್ಮ ‘ಒನ್ ಕ್ರೈಸ್ಟ್, ಮೆನಿ ರಿಲಿಜನ್ಸ್’ (1991) ಎಂಬ ಗ್ರಂಥದಲ್ಲಿ ಎರಡು ಬಗೆಯ ಕ್ರಿಸ್ತಶಾಸ್ತ್ರಗಳನ್ನು ಎರಡು ವಾಹನಗಳಿಗೆ ಹೋಲಿಸಿದ್ದಾರೆ. ಒಂದು ಮೇಲಿನಿಂದ ಇಳಿಯುವ ಹೆಲಿಕಾಪ್ಟರು. ಅದು ಎಬ್ಬಿಸುವ ಸದ್ದು, ಧೂಳುಗಳ ನಡುವೆ ಇಳಿದುಬಂದ ದೈವವೇ ಜನರಿಗೆ ಮರೆಯಾಗುತ್ತದೆ. ಇನ್ನೊಂದು ಎತ್ತಿನ ಗಾಡಿ. ಅದರ ಗಾಲಿಗಳು ನಮ್ಮ ಮಣ್ಣಿನ ಹಾದಿಯನ್ನು ಬಿಡುವುದೇ ಇಲ್ಲ.

ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಯಂತಹ ಊರಿನಲ್ಲಿ ಸೇವೆಗೆ ನಿಲ್ಲುವ ಸಭಾಪಾಲಕನಿಗೆ ಚಕ್ಕಡಿಯನ್ನು ಪರಿಚಯಿಸಬೇಕಾಗಿಲ್ಲ. ಆದರೆ ಚಕ್ಕಡಿಯ ಹಿಂಬದಿಯಲ್ಲಿ ಕಾಲು ಇಳಿಬಿಟ್ಟು ಕುಳಿತ ಮಗುವೂ ಇರುತ್ತದೆ. ಅದು ನೋಡುತ್ತಿರುವುದು ಬಿಟ್ಟುಬಂದ ದಾರಿಯನ್ನು. ಆ ಮಗು ಹೀಗೆ ಕೇಳಿತೆಂದು ಭಾವಿಸೋಣ: “ಅಯ್ಯನೋರ, ನಮ್ಮಜ್ಜಿ ದೀಕ್ಷಾಸ್ನಾನ ಇಲ್ದ ತೀರ್ಕೊಂಡ್ಳು. ಆಕಿ ದೇವ್ರಿಗೆ ಬ್ಯಾಡಾದಳೇನ್ರಿ?”

ಸಮರ್ಥರ ಹಿರಿಮೆಯೆಂದರೆ, ಅವರು ಈ ಮಗುವನ್ನು ಗದರಿಸುವುದಿಲ್ಲ. ನೆರೆಯವರ ಭಕ್ತಿಯನ್ನು ಅವರು ದೇವಶಾಸ್ತ್ರದ ಹೊರಗಿನ ತೊಡಕೆಂದು ಬಗೆಯದೆ, ದೇವಶಾಸ್ತ್ರವೇ ಎದುರಿಸಬೇಕಾದ ಪ್ರಶ್ನೆಯೆಂದು ಸ್ವೀಕರಿಸಿದರು. ಇದಕ್ಕೆ ಸತ್ಯವೇದದ ಆಧಾರವೂ ಉಂಟು. ಪಸ್ಕದ ಆಚರಣೆಯ ಅರ್ಥವೇನೆಂದು ಮಕ್ಕಳು ಕೇಳುವರೆಂಬುದನ್ನು ವಿಮೋಚನಕಾಂಡದ 12ನೆಯ ಅಧ್ಯಾಯವು ಮೊದಲೇ ನಿರೀಕ್ಷಿಸುತ್ತದೆ. ಹನ್ನೆರಡು ವರ್ಷದ ಯೇಸು ದೇವಾಲಯದಲ್ಲಿ ಬೋಧಕರ ನಡುವೆ ಕುಳಿತು, ಅವರ ಮಾತನ್ನು ಆಲಿಸುತ್ತ ಪ್ರಶ್ನೆಗಳನ್ನು ಹಾಕುತ್ತಿದ್ದನೆಂದು ಲೂಕನು ಬರೆಯುತ್ತಾನೆ. ಶಿಶುಗಳಂತಾಗಬೇಕೆಂಬ ಕರ್ತನ ಮಾತನ್ನು ಬಾಯಿ ಮುಚ್ಚಿಕೊಂಡಿರಬೇಕೆಂಬ ಅಪ್ಪಣೆಯಾಗಿ ಬೋಧಿಸುವವರು ಈ ಬಾಲಯೇಸುವನ್ನು ಮರೆತಿದ್ದಾರೆ. ಪೌಲನು ಬಾಲ್ಯದವುಗಳನ್ನು ಬಿಟ್ಟೆನೆಂದದ್ದು ನಿಜ; ಆದರೆ ಅದೇ ಪತ್ರಿಕೆಯಲ್ಲಿ ಅವನು ಕೆಟ್ಟತನದ ವಿಷಯದಲ್ಲಿ ಶಿಶುಗಳಾಗಿರಿ, ಬುದ್ಧಿಯ ವಿಷಯದಲ್ಲಿ ಪ್ರಾಯಸ್ಥರಾಗಿರಿ ಎಂಬ ವಿವೇಕವನ್ನೂ ಕಲಿಸುತ್ತಾನೆ. ಕುತೂಹಲವನ್ನು ತೊರೆಯಿರೆಂದು ಅವನು ಎಲ್ಲಿಯೂ ಹೇಳಲಿಲ್ಲ.

ಆದರೂ ಸಮರ್ಥರ ಉತ್ತರವು ಮಗುವಿಗೆ ಸಾಕಾಗುವುದೇ? ಅವರು ಪರಮಸತ್ಯವನ್ನು ‘ರಹಸ್ಯ’ವೆಂದು ಕರೆದು, ಬೇರೆ ಬೇರೆ ಧರ್ಮಗಳನ್ನು ಆ ರಹಸ್ಯಕ್ಕೆ ಮಾನವರು ನೀಡಿದ ಪ್ರತಿಸ್ಪಂದನಗಳೆಂದು ಕಾಣುತ್ತಾರೆ, ದೇವಕೇಂದ್ರಿತವಾದ ಕ್ರಿಸ್ತಶಾಸ್ತ್ರವನ್ನು ಬಯಸುತ್ತಾರೆ. ಇಲ್ಲಿಯೇ ನನ್ನ ಭಿನ್ನಾಭಿಪ್ರಾಯ. ‘ರಹಸ್ಯ’ವೆಂಬ ಪದವನ್ನು ಬೇಗನೆ ನುಡಿದರೆ, ಅದು ‘ನಂಬು, ಕೇಳಬೇಡ’ ಎಂಬ ಹಳೆಯ ಮಾತಿನಷ್ಟೇ ಬಲವಾಗಿ ಪ್ರಶ್ನೆಯ ಬಾಗಿಲನ್ನು ಮುಚ್ಚಬಲ್ಲದು. ಮೊದಲನೆಯದರಲ್ಲಿ ಸೌಜನ್ಯ ಹೆಚ್ಚು, ಅಷ್ಟೆ.

ಮಗುವಿನ ಪ್ರಶ್ನೆಯನ್ನು ಇನ್ನೊಮ್ಮೆ ಆಲಿಸೋಣ. ಸೊದೋಮಿನ ಮುಂದೆ ನಿಂತ ಅಬ್ರಹಾಮನು ಸರ್ವಲೋಕದ ನ್ಯಾಯಾಧಿಪತಿಯನ್ನು ಕೇಳಿದ ಪ್ರಶ್ನೆಯೇ ಇದು: ನೀನು ನ್ಯಾಯವನ್ನು ಮಾಡುವೆಯಷ್ಟೆ? ದೇವರು ಒಳ್ಳೆಯವನೆಂಬ ಭರವಸೆ ಇಲ್ಲದವರಿಗೆ ಈ ಪ್ರಶ್ನೆ ಹುಟ್ಟುವುದಿಲ್ಲ. ಮುಖವಿಲ್ಲದ ರಹಸ್ಯವನ್ನು ಯಾರೂ ಹೀಗೆ ತಡೆದು ಕೇಳಲಾರರು. ಮಕ್ಕಳನ್ನು ಅಪ್ಪಿಕೊಂಡ ಯೇಸುವಿನಲ್ಲಿ ದೇವರ ಮುಖವನ್ನು ಕಂಡದ್ದರಿಂದಲೇ ಮಗುವಿಗೆ ಕೇಳುವ ಧೈರ್ಯ ಬಂದಿದೆ. ಕ್ರಿಸ್ತನಲ್ಲಿ ನಿಷ್ಠೆ ಮತ್ತು ನೆರೆಯವರಿಗೆ ತೆರೆದ ಮನಸ್ಸು ಒಟ್ಟಿಗೆ ಇರಬಲ್ಲವೆಂದು ಸಮರ್ಥರೂ ಒಪ್ಪುತ್ತಾರೆ. ಆದರೆ ಆ ನಿಷ್ಠೆಯೇ ಪ್ರಶ್ನೆಯ ತಾಯಿ ಎಂಬುದನ್ನು ಅವರ ವಾದವು ಸಾಕಷ್ಟು ಎತ್ತಿ ಹಿಡಿಯುವುದಿಲ್ಲ.

ಇದೇ ತಾಲ್ಲೂಕಿನ ಚೌಡಯ್ಯದಾನಪುರವು ಅಂಬಿಗರ ಚೌಡಯ್ಯನ ಹೆಸರನ್ನು ಹೊತ್ತು ತುಂಗಭದ್ರೆಯ ದಡದಲ್ಲಿದೆ. ಹನ್ನೆರಡನೆಯ ಶತಮಾನದ ಆ ಶರಣನು ಭಕ್ತನಾಗಿದ್ದುಕೊಂಡೇ ಪೊಳ್ಳು ಭಕ್ತಿಯನ್ನು ನಿಷ್ಠುರವಾಗಿ ಪ್ರಶ್ನಿಸಿದನು. ಇಂತಹ ನೆಲದ ಮಕ್ಕಳಿಗೆ ಪ್ರಶ್ನೆಯನ್ನು ಅವಿಶ್ವಾಸವೆಂದು ಕಲಿಸುವುದು ಸುವಾರ್ತೆಗೂ ನೆಲಕ್ಕೂ ಮಾಡುವ ಅಪಚಾರ.

ಹಾಗಾದರೆ ಆ ಅಯ್ಯನವರು ಏನು ಹೇಳಬೇಕು? ಅಜ್ಜಿಯ ತೀರ್ಪು ತನ್ನ ಕೈಯಲ್ಲಿಲ್ಲವೆಂದು ಒಪ್ಪಿಕೊಳ್ಳಲಿ. ತೀರ್ಪು ಮಾಡುವವನು ಯಾರೆಂಬುದನ್ನು ತಾನು ಬಲ್ಲೆನೆಂದು ಹೇಳಲಿ. ಅನಂತರ ಮಗುವಿನ ಪಕ್ಕದಲ್ಲಿ ಕುಳಿತು, ಅದೇ ಪ್ರಶ್ನೆಯನ್ನು ಅದರೊಂದಿಗೆ ಪ್ರಾರ್ಥನೆಯಾಗಿ ಕೇಳಲಿ. ಶಿಲುಬೆಯ ಮೇಲೆ ನಮ್ಮ ಕರ್ತನು ಕೂಗಿದ್ದೂ ಒಂದು ಪ್ರಶ್ನೆಯನ್ನೇ.